ಮುಚ್ಚಳದ ಮೇಲಿನ ನಾಲ್ಕು ಸಾಲು

ಸಹೃದಯ ವಾಚಕ ಮಹಾಶಯರೇ, ಯುದ್ಧವನ್ನು ಕುರಿತ ಕಥನವೆಂದೊಡನೆ ತಾವು ತೋಪಿನ ಗರ್ಜನೆಯನ್ನೂ ವೀರಾಲಾಪವನ್ನೂ ನಿರೀಕ್ಷಿಸುವುದು ನ್ಯಾಯವೇ ಸರಿ. ಆದರೆ ಪ್ರಸ್ತುತ ಕಥನದಲ್ಲಿ ಒಂದು ಗುಂಡಿನ ಸದ್ದೂ ಕೇಳಿಬರುವುದಿಲ್ಲವೆಂಬುದನ್ನು ಆರಂಭದಲ್ಲಿಯೇ ಸವಿನಯವಾಗಿ ಅರಿಕೆ ಮಾಡಿಕೊಳ್ಳಬೇಕಾಗಿದೆ. ಇಲ್ಲಿ ಕೇಳುವುದು ಗರಗಸದ ಸದ್ದು, ಉಜ್ಜುಗೊರಡಿನ ಸದ್ದು. ತಾವು ದಯಮಾಡಿ ಮರದ ಹೊಟ್ಟಿನ ಮೇಲೆಯೇ ಆಸೀನರಾಗಬೇಕು. ಬಡಗಿಯ ಅಂಗಳದಲ್ಲಿ ಬೇರೆ ಆಸನವಿಲ್ಲ.

ಆ ಅಂಗಳದ ಒಡೆಯನನ್ನು ಊರು ಮೇಸ್ತ್ರಿ ಎಂದು ಕರೆಯುತ್ತಿತ್ತು. ಯುದ್ಧಕ್ಕೆ ಮೊದಲು ಅವನು ಕಿಟಕಿ, ಬಾಗಿಲು, ಮಂಚಗಳನ್ನು ಮಾಡುತ್ತಿದ್ದ. ಈಗ ಶವಪೆಟ್ಟಿಗೆ ಮಾಡುತ್ತಿದ್ದ. ಮಂಚ ಮಾಡಿಸುವವರು ಅಳತೆಗೆ, ಬಣ್ಣಕ್ಕೆ, ಕಾಲಿನ ಕೆತ್ತನೆಗೆ ತಲೆ ತಿನ್ನುತ್ತಿದ್ದರು. ಪೆಟ್ಟಿಗೆಗೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಎಲ್ಲಕ್ಕೂ ಒಂದೇ ಅಳತೆ. ಆ ಅಂಗಳದ ಮೂಲೆಯಲ್ಲಿ, ಎರಡು ಗಿಡ್ಡ ಬೆಂಚುಗಳ ಮೇಲೆ ಮುಚ್ಚಳವನ್ನು ಅಡ್ಡಲಾಗಿ ಇರಿಸಿಕೊಂಡು, ಕಪ್ಪು ಬಣ್ಣದ ಡಬ್ಬಿಯಲ್ಲಿ ಕುಂಚ ಅದ್ದಿ ಅಕ್ಷರ ಬರೆಯುತ್ತಿದ್ದವನೇ ನಮ್ಮ ಕಥಾನಾಯಕ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಆಸಾಮಿ. ಊರೂರು ತಿರುಗಿ ಅಂಗಡಿಯ ಬೋರ್ಡು ಬರೆದ, ಲಾರಿಯ ಬೆನ್ನಿಗೆ ಪದ್ಯ ಬರೆದ. ಕೊನೆಗೆ ವಿಧವೆ ಅಕ್ಕನ ಮನೆಯ ಹೊರಕೋಣೆಯಲ್ಲಿ ಚೀಲ ಇಳಿಸಿದ. ಯುದ್ಧ ಬಂದು ಅಂಗಡಿಗಳು ಮುಚ್ಚಿದವು. ಬೋರ್ಡು ಬೇಕಾದವರು ಯಾರೂ ಉಳಿಯಲಿಲ್ಲ, ಮುಚ್ಚಳ ಬೇಕಾದವರು ಉಳಿದರು.

ಪ್ರತಿ ಮುಚ್ಚಳದ ಮೇಲೂ ಸತ್ತವನ ಹೆಸರು, ಅದರ ಕೆಳಗೆ ನಾಲ್ಕು ಸಾಲಿನ ಪದ್ಯ. ಮೊದಮೊದಲು ಒಬ್ಬೊಬ್ಬನಿಗೂ ಹೊಸದಾಗಿ ಕಟ್ಟಿದ. ಪೆಟ್ಟಿಗೆಗಳು ಹೆಚ್ಚಿದಂತೆ ಕೈ ಸೋತಿತು. ತಗಡಿನ ಹಾಳೆಯಲ್ಲಿ ಅಕ್ಷರಗಳನ್ನು ಕೊರೆದು ಅಚ್ಚು ಮಾಡಿಕೊಂಡ. ತಗಡನ್ನು ಮುಚ್ಚಳದ ಮೇಲಿಟ್ಟು ಕುಂಚ ಆಡಿಸಿದರೆ ಸಾಲು ತಾನೇ ಮೂಡುತ್ತಿತ್ತು. ‘ತುಟಿಯ ಮೇಲಿನ ನಗೆಯು ಮಾಸಿಲ್ಲ, ತಾಯೆ’ ಎಂಬುದು ಒಂದು ತಗಡು. ‘ಹೂವು ತೊಟ್ಟನು ಬಿಟ್ಟ ಹಾಗವನು ಹೋದ’ ಎಂಬುದು ಇನ್ನೊಂದು. ‘ತಾಯಮಣ್ಣಿಗೆ ಮುತ್ತನಿಟ್ಟು ಮಲಗಿದನು’ ಎಂಬುದು ಮತ್ತೊಂದು. ಹೀಗೆ ಒಂದು ಕಟ್ಟು ತಗಡು. ಅದಲುಬದಲು ಮಾಡಿ ಜೋಡಿಸಿದರಾಯಿತು. ಹೆಸರನ್ನು ಮಾತ್ರ ಕೈಯಲ್ಲೇ ಬರೆಯಬೇಕು.

"ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡ್ತಿತ್ತಂತೆ," ಎಂದು ಮೇಸ್ತ್ರಿ ಗೊರಡು ತಳ್ಳುತ್ತ ನಗುತ್ತಿದ್ದ. "ನಡೀಲಿ ಕವಿರಾಯ. ನನ್ನ ಮರ ಹಸಿ, ನಿನ್ನ ಪದ್ಯ ಒಣಗಲು. ಇಬ್ಬರದ್ದೂ ಮಣ್ಣಿಗೇ ತಾನೆ ಹೋಗೋದು."

ಶವಗಳು ಬಂದಿಳಿಯುತ್ತಿದ್ದುದು ರಸ್ತೆಯ ಆಚೆ ಬದಿಯ ತಗಡಿನ ಷೆಡ್ಡಿನಲ್ಲಿ. ಅಲ್ಲಿನ ಮುದಿ ಕಾಂಪೌಂಡರ್ ಕಿಟಕಿಯಿಂದ ತಲೆ ಹಾಕಿ ಹೆಸರು ಕೂಗುತ್ತಿದ್ದ. ಈಚೆ ಕವಿ ಆ ಹೆಸರನ್ನು ಮುಚ್ಚಳಕ್ಕೆ ಇಳಿಸುತ್ತಿದ್ದ. ಬಣ್ಣ ಆರಿದ ಮೇಲೆ ಮುಚ್ಚಳ ರಸ್ತೆ ದಾಟಿ ಹೋಗಿ ಅಲ್ಲಿಯೇ ಮೊಳೆ ಬೀಳುತ್ತಿತ್ತು. ಕವಿ ಮಾತ್ರ ಒಮ್ಮೆಯೂ ಆ ರಸ್ತೆ ದಾಟಿರಲಿಲ್ಲ.

ಊರಿಗೆ ಇದು ಗೊತ್ತಿರಲಿಲ್ಲ. ರವಿ ಕಾಣದ್ದನ್ನು ಕವಿ ಕಂಡ ಎಂಬ ಗಾದೆಯನ್ನು ಅದು ಅಕ್ಷರಶಃ ನಂಬಿಬಿಟ್ಟಿತ್ತು. ಕವಿ ಒಬ್ಬೊಬ್ಬನ ಮುಖವನ್ನೂ ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಾನೆ ಎಂಬುದು ಎಲ್ಲರ ತಿಳಿವಳಿಕೆ. ಪೆಟ್ಟಿಗೆ ತೆರೆಯಬಾರದೆಂದು ಮೇಲಿನವರ ಅಪ್ಪಣೆಯೇನೋ ಇತ್ತು; ಹೆತ್ತವಳು ಹಟ ಹಿಡಿದರೆ ತಡೆಯುವ ಎದೆಗಾರಿಕೆ ಷೆಡ್ಡಿನಲ್ಲಿ ಯಾರಿಗೂ ಇರಲಿಲ್ಲ. ಆದರೂ ಯಾರೂ ಹಟ ಹಿಡಿಯಲಿಲ್ಲ. ಮುಚ್ಚಳ ಓದಿದರೆ ಸಾಕಾಗಿತ್ತು. ನಲ್ಲಿಯ ಬಳಿ ಕೊಡ ಇಟ್ಟುಕೊಂಡು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

"ನಮ್ಮವನದು ನಿದ್ದೆ ಕಣೇ. ನಿದ್ದೆಯಲ್ಲೇ ಹೋದನಂತೆ."

"ನಮ್ಮವನದು ನಗು," ಎನ್ನುತ್ತಿದ್ದಳು ಗಡಿಯಾರ ರಿಪೇರಿಯವನ ಹೆಂಡತಿ. "ಮನೇಲಿದ್ದಾಗ ಮುಖ ಗಂಟು ಹಾಕ್ಕೊಂಡೇ ಇರ್ತಿದ್ದ, ಅವರಪ್ಪನ ಹಾಗೆ. ಅಲ್ಲಾದ್ರೂ ನಕ್ಕನಲ್ಲ, ಅಷ್ಟು ಸಾಕು."

ಕವಿ ಆ ದಾರಿಯಲ್ಲಿ ಹಾದರೆ ಹೆಂಗಸರು ಎದ್ದು ನಿಲ್ಲುತ್ತಿದ್ದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ತಲೆ ಬಾಗಿಸಿ ಮುಂದೆ ಹೋಗುತ್ತಿದ್ದ.

ಒಂದು ದಿನ ಬೆಳಗ್ಗೆ ಕಾಂಪೌಂಡರ್ ಎಂದಿನಂತೆ ಕಿಟಕಿಯಿಂದ ಒಂದು ಹೆಸರು ಕೂಗಿದ. ಕವಿ ಎಂದಿನಂತೆ ಕುಂಚ ಅದ್ದಿದ. ಹೆಸರಿನ ಅರ್ಧ ಬರೆದ ಮೇಲೆ ಕೈ ನಿಂತಿತು. ಅದು ಅಕ್ಕನ ಮಗನ ಹೆಸರು. ಆ ಹೆಸರಿನಿಂದ ಅವನನ್ನು ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲವಾದ್ದರಿಂದ ಕೈಗೆ ಗುರುತು ಹತ್ತಲು ಅಷ್ಟು ಹೊತ್ತು ಹಿಡಿಯಿತು. ಏಳನೆಯ ತಿಂಗಳಿಗೇ ಹುಟ್ಟಿ, ನಡೆಯುವ ಮೊದಲೇ ಓಡಲು ಹೋಗಿ ಹಲ್ಲು ಮುರಿದುಕೊಂಡವನಿಗೆ ಮನೆಯವರು ಇಟ್ಟ ಹೆಸರು ಗಡಿಬಿಡಿ.

ಕವಿ ಉಳಿದ ಅಕ್ಷರಗಳನ್ನೂ ಬರೆದು ಮುಗಿಸಿದ. ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆದ. ಆಮೇಲೆ ಎದ್ದು ಅಕ್ಕನ ಬಳಿಗೆ ಹೋದ.

ಅಕ್ಕ ಇಸ್ತ್ರಿಯ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಆಸ್ಪತ್ರೆಯ ಹಾಸುಬಟ್ಟೆಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಮುಂಗೈಯ ಮೇಲೆಲ್ಲ ಸುಟ್ಟ ಕಲೆ.

"ಇಷ್ಟು ಬೇಗ ಬಂದ್ಬಿಟ್ಯಲ್ಲ. ಮೇಸ್ತ್ರಿ ಓಡಿಸಿದ್ನಾ?" ಎಂದಳು, ತಲೆ ಎತ್ತದೆ.

"ಇಲ್ಲ."

"ಮತ್ತೆ? ಹಸಿವಾ? ಡಬ್ಬೀಲಿದೆ, ತಗೋ."

"ಅಕ್ಕಾ, ಗಡಿಬಿಡಿ ಬಂದಿದಾನೆ."

"ಬಂದ್ನಾ? ಎಲ್ಲಿ?"

"ಷೆಡ್ಡಿಗೆ."

ಇಸ್ತ್ರಿಪೆಟ್ಟಿಗೆ ಬಟ್ಟೆಯ ಅಂಚಿನವರೆಗೂ ಹೋಯಿತು. ಅಲ್ಲಿಂದ ತಿರುಗಿ ಈ ಅಂಚಿನವರೆಗೂ ಬಂತು. ಅಕ್ಕ ಹಾಸುಬಟ್ಟೆಯನ್ನು ಎರಡಾಗಿ, ನಾಲ್ಕಾಗಿ ಮಡಿಸಿ ರಾಶಿಯ ಮೇಲಿಟ್ಟಳು. ಇಸ್ತ್ರಿಪೆಟ್ಟಿಗೆಯನ್ನು ಅದರ ಹಿಂಬದಿಯ ಮೇಲೆ ನೆಟ್ಟಗೆ ನಿಲ್ಲಿಸಿದಳು.

"ನೋಡಿದ್ಯಾ?"

"ಇನ್ನೂ ಇಲ್ಲ."

"ಹೋಗಿ ನೋಡು. ನಾನು ಬಂದ್ರೆ ಕಾಲು ಬಿದ್ದುಹೋಗುತ್ತೆ. ನಿನಗಾದ್ರೆ ರೂಢಿ, ಎಲ್ಲರನ್ನೂ ನೋಡಿದೀಯ." ಅವಳ ದನಿಯಲ್ಲಿ ಏರಿಲ್ಲ, ಇಳಿತವಿಲ್ಲ. "ಚೆನ್ನಾಗಿ ನೋಡಿ ಬರಿ. ಅಕ್ಕ ಅಂತ ಬೆಣ್ಣೆ ಹಚ್ಚಬೇಡ. ಬೇರೆಯವರಿಗೆ ಹೇಗೆ ಕಂಡ ಹಾಗೆ ಬರೆದ್ಯೋ ಹಾಗೇ ಬರಿ. ನೀನು ಏನು ಬರೀತೀಯೋ ಅದೇ ನನ್ನ ಮಗನ ಮುಖ ಅಂದ್ಕೋತೀನಿ, ಪೆಟ್ಟಿಗೆ ತೆಗೆಸಲ್ಲ. ನೀನು ಬರೀದೆ ಇದ್ರೆ ಮಾತ್ರ ನಾನೇ ಬಂದು ಮೊಳೆ ಕೀಳಿಸ್ತೀನಿ."

ಅವನು ಮರಳಿ ಹೋದ. ಬೇರೆಯವರ ಮುಖಗಳನ್ನು ತಗಡಿನಿಂದ ಬರೆದದ್ದಾಗಿತ್ತು. ಈ ಒಂದು ಮುಖವನ್ನು ತಗಡಿನಿಂದ ಬರೆಯಲಾಗದೆಂದು ಅವನಿಗೆ ಅನಿಸಿತು. ಅಂಗಳದ ಬಾಗಿಲಿಗೆ ಬಂದು, ಒಳಗೆ ಹೋಗದೆ, ರಸ್ತೆ ದಾಟಿದ.

"ಓಹೋ, ಕವಿರಾಯರು!" ಕಾಂಪೌಂಡರ್ ಚಹಾದ ಲೋಟ ಹಿಡಿದೇ ಎದ್ದ. "ಇಷ್ಟು ದಿನ ಕಿಟಕಿಯಿಂದಲೇ ನಮಸ್ಕಾರ, ಇವತ್ತು ಸಾಕ್ಷಾತ್ ದರ್ಶನ. ಏನು, ಬಾವಿ ಬತ್ತಿಹೋಯ್ತಾ?"

"ಬೆಳಗ್ಗೆ ಕೂಗಿದ್ರಲ್ಲ, ಅದು ನನ್ನ ಅಕ್ಕನ ಮಗ."

ಕಾಂಪೌಂಡರ್ ಲೋಟವನ್ನು ಕಿಟಕಿಯ ಮೇಲಿಟ್ಟ. ಮುಂದೆ ನಡೆದು, ಕೊನೆಯ ಮೇಜಿನ ಮೇಲಿನ ತಾಡಪಾಲನ್ನು ಸರಿಸಿದ.

ಕವಿ ನೋಡಿದ. ಮೇಜಿನ ಒಂದು ಕಾಲು ಗಿಡ್ಡ. ಅದಕ್ಕೆ ರಟ್ಟು ಮಡಿಸಿ ಕೊಟ್ಟಿದ್ದರು. ಅದನ್ನು ನೋಡಿದ. ಗಡಿಬಿಡಿಯ ಬೂಟಿನ ದಾರ ಸರಿಯಾಗಿ ಬಿಗಿದಿತ್ತು. ಅದನ್ನು ನೋಡಿದ. ಆಮೇಲೆ ನೋಡದೆ ವಿಧಿಯಿಲ್ಲದ್ದನ್ನು ನೋಡಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ತಂತಿಯಿಂದ ಕಟ್ಟಿದ್ದರು. ಬಾಯಿ ಅಗಲವಾಗಿ ತೆರೆದಿತ್ತು, ಅದರ ತುಂಬ ಮಣ್ಣು. ಸುಮ್ಮನೆ ಬಿದ್ದ ಮಣ್ಣಲ್ಲ, ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದ್ದು. ಕೆನ್ನೆ ಉಬ್ಬಿತ್ತು. ಎದೆಯ ಮೇಲೆ ಒಂದೇ ಒಂದು ತೂತು, ಅಂಗಿಯ ಗುಂಡಿಯಷ್ಟು ಚಿಕ್ಕದು.

"ಸಿಕ್ಕಿಬಿದ್ದವರು ಹೀಗೇ ಬರ್ತಾರೆ," ಎಂದ ಕಾಂಪೌಂಡರ್. "ಬಂದ ಹಾಗೇ ಪೆಟ್ಟಿಗೆಗೆ. ಬಿಚ್ಚೋಕೆ, ತೊಳೆಯೋಕೆ ಇಲ್ಲಿ ಯಾರಿದಾರೆ? ನಾನೊಬ್ಬ."

"ಎಂಥ ಜನ ಅವರು."

"ಅವರಾ?" ಕಾಂಪೌಂಡರ್ ಅವನನ್ನು ವಿಚಿತ್ರವಾಗಿ ನೋಡಿದ. "ನಮ್ಮವರೇನು ಅವರ ಹುಡುಗರಿಗೆ ಹಣೆ ಸವರಿ ಕಳಿಸ್ತಾರೆ ಅಂದ್ಕೊಂಡ್ರಾ? ರಜೆಗೆ ಬಂದ ಹುಡುಗನೊಬ್ಬ ಇಲ್ಲೇ ಕೂತು ಹೇಳ್ದ. ಮಣ್ಣು ತುರುಕೋದು ಶುರು ಮಾಡಿದ್ದೇ ನಾವಂತೆ. ತಮಾಷೆಗೆ. ಇಲ್ಲಿಂದ ಹೋದ ಹುಡುಗರಿಗೆ ನಿಮ್ಮ ಪದ್ಯ ಎಲ್ಲ ಬಾಯಿಪಾಠ, ಜೊತೆಗಾರರ ಮುಚ್ಚಳದ ಮೇಲೆ ಓದಿರ್ತಾರಲ್ಲ. ‘ತಾಯಮಣ್ಣಿಗೆ ಮುತ್ತನಿಟ್ಟು’ ಅಂತ ಒಂದಿದೆಯಲ್ಲ, ಅದನ್ನ ಹಾಡ್ತಾ ತುರುಕ್ತಾರಂತೆ. ‘ಕೊಡೋ ಮುತ್ತು, ಕೊಡು’ ಅಂತ. ಆಮೇಲೆ ಅವರೂ ಕಲಿತರು. ಹಾಡು ಬರದಿದ್ರೇನು, ಕೆಲಸ ಬರುತ್ತಲ್ಲ."

ಕವಿಗೆ ಸಿಟ್ಟು ಬರಲಿಲ್ಲ, ಅಳು ಬರಲಿಲ್ಲ. ಯಾವುದೋ ಒಂದು ಬರಬೇಕೆಂದು ತಿಳಿದಿತ್ತು. ಬರಬಹುದೆಂದು ಸ್ವಲ್ಪ ಹೊತ್ತು ಕಾದ. ಮೇಜಿನ ಕಾಲಿನ ಕೆಳಗಿನ ರಟ್ಟು ಒದ್ದೆಯಾಗಿತ್ತು. ಆಮೇಲೆ ತಾಡಪಾಲನ್ನು ತಾನೇ ಎಳೆದು ಮುಚ್ಚಿ ಹೊರಗೆ ಬಂದ.

ಅಂಗಳದಲ್ಲಿ ಅವನು ಮೊದಲು ಮಾಡಿದ್ದು, ಮುತ್ತಿನ ಸಾಲಿನ ತಗಡನ್ನು ಕಟ್ಟಿನಿಂದ ಎಳೆದು ಎರಡಾಗಿ ಮಡಿಸಿ, ಮೆಟ್ಟಿ, ಮೇಸ್ತ್ರಿಯ ಅಂಟು ಕಾಯಿಸುವ ಒಲೆಗೆ ಹಾಕಿದ್ದು. ತಗಡು ಸುಡುವುದಿಲ್ಲ, ಅದರ ಬಣ್ಣ ಸ್ವಲ್ಪ ಹೊತ್ತು ನಾರಿತು. ಆಮೇಲೆ ಕುಂಚ ಹಿಡಿದು ಕುಳಿತ. ಪದ್ಯ ಬರುವುದೆಂದು ಅವನು ಎಣಿಸಿರಲಿಲ್ಲ, ಆದರೆ ಬಂತು; ಅದೂ ಒಂದೇ ಏಟಿಗೆ, ತಿದ್ದುವ ಅಗತ್ಯವೇ ಇಲ್ಲದಂತೆ.

ಬೆನ್ನ ಹಿಂದಕೆ ಕೈಯ ತಂತಿಯಲಿ ಬಿಗಿದು,
ಬಾಯೊಳಗೆ ಹಿಡಿ ಮಣ್ಣ ತುರುಕಿ ಕಳಿಸಿಹರು;
ಕಣ್ಣು ತೆರೆದೇ ಇತ್ತು, ಕಂಡದ್ದು ಇಷ್ಟು:
ನೋಡಿದವ ನಾನು, ಬರೆದವನು ನಾನೊಬ್ಬ.

ಅವನು ಹಿಂದೆ ಸರಿದು ಓದಿದ. ಲಯ ಎಲ್ಲಿಯೂ ಎಡವಿರಲಿಲ್ಲ. ಇಷ್ಟು ವರ್ಷ ಬೋರ್ಡಿಗೂ ಲಾರಿಗೂ ಮುಚ್ಚಳಕ್ಕೂ ಬರೆದದ್ದರಲ್ಲಿ ಇದೇ ಮೇಲೆಂದು ಅವನಿಗೆ ತೋರಿತು. ಹಾಗೆ ತೋರಿದ್ದು ನಾಚಿಕೆಗೇಡೆಂದೂ ತೋರಿತು. ಎರಡೂ ದೂರದ ಯಾವುದೋ ಮನೆಯಲ್ಲಿ ನಡೆಯುವ ಮಾತಿನಂತೆ ಕೇಳಿದವು.

ಮೇಸ್ತ್ರಿ ಬಂದು ಸೊಂಟಕ್ಕೆ ಕೈಯಿಟ್ಟು ಓದಿದ. ನಗಲಿಲ್ಲ.

"ಇದು ಹೊರಗೆ ಹೋಗಲ್ಲ, ಮಾರಾಯ."

"ನೋಡಿದ್ದನ್ನ ಬರೆದೆ."

"ಅದೇ ತೊಂದರೆ. ನಾಳೆ ಊರಿನ ಹೆಂಗಸರೆಲ್ಲ ಗುದ್ದಲಿ ಹಿಡ್ಕೊಂಡು ಹೊರಡ್ತಾರೆ, ನಮ್ಮವನದೂ ತೆಗೆದು ನೋಡ್ತೀವಿ ಅಂತ. ನೀನು ತಡೀತೀಯಾ? ನಗು ಅಂತ ಹಾಕು, ನಿದ್ದೆ ಅಂತ ಹಾಕು, ಮುಗೀತು. ನಿಮ್ಮಕ್ಕನಿಗೂ ಅಷ್ಟೇ ಬೇಕಾಗಿರೋದು."

"ಅವಳು ಬೆಣ್ಣೆ ಹಚ್ಚಬೇಡ ಅಂದಿದಾಳೆ."

"ಎಲ್ಲರೂ ಹಾಗೇ ಅಂತಾರೆ ಕಣಯ್ಯ."

ಮಾತು ಮುಂದುವರಿಯಲಿಲ್ಲ, ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಇಸ್ತ್ರಿಯ ಅಂಗಡಿಯ ಏಪ್ರನ್ನನ್ನೂ ಬಿಚ್ಚಿರಲಿಲ್ಲ. ಮೇಸ್ತ್ರಿ ಮುಚ್ಚಳಕ್ಕೆ ಅಡ್ಡ ನಿಂತ. ಅವಳು ಕುರ್ಚಿಯನ್ನು ಸರಿಸುವಂತೆ ಅವನನ್ನು ತೋಳು ಹಿಡಿದು ಸರಿಸಿದಳು. ಹಸಿ ಬಣ್ಣಕ್ಕೆ ತಾಗದಂತೆ ಬೆರಳನ್ನು ತುಸು ಮೇಲೆ ಹಿಡಿದು, ತುಟಿ ಆಡಿಸುತ್ತ, ನಾಲ್ಕೂ ಸಾಲು ಓದಿದಳು. ಓದಿ ತಮ್ಮನ ಕಡೆ ತಿರುಗಿದಳು.

"ಕೈ ಬಿಚ್ಚಿದ್ಯಾ?"

ಕವಿಗೆ ಪ್ರಶ್ನೆ ಅರ್ಥವಾಗಲು ಹೊತ್ತು ಹಿಡಿಯಿತು. "ಯಾವುದು?"

"ಕೈ. ತಂತಿ ಬಿಚ್ಚಿದ್ಯಾ?"

"ಇಲ್ಲ."

"ಬಾಯಿ?"

"ಇಲ್ಲ ಅಕ್ಕಾ."

"ನೋಡ್ತಾ ನಿಂತಿದ್ದು ಬಂದ್ಯಾ?"

"ಬರೀಬೇಕಿತ್ತಲ್ಲ," ಎಂದ. ತನ್ನ ಬಾಯಿಂದ ಹೊರಬಿದ್ದ ಆ ಮಾತನ್ನು ಅವನೂ ಕೇಳಿಸಿಕೊಂಡ. ಕೈ ಬಿಚ್ಚಬಹುದೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ತಂತಿಯ ಸುತ್ತನ್ನೂ ಅದರ ತುಕ್ಕನ್ನೂ ಅದು ಚರ್ಮದಲ್ಲಿ ಕೊರೆದ ಗೆರೆಯನ್ನೂ ಅವನು ಕಣ್ಣಿನಲ್ಲಿ ತುಂಬಿಕೊಂಡು ಬಂದಿದ್ದ. ಕೈ ಮಾತ್ರ ಮುಂದೆ ಹೋಗಿರಲಿಲ್ಲ.

ಅಕ್ಕ ಬೈಯಲಿಲ್ಲ. ಮೇಸ್ತ್ರಿಯ ಹಲಗೆಯ ಮೇಲಿದ್ದ ಇಕ್ಕಳವನ್ನು ಎತ್ತಿಕೊಂಡಳು. "ಇದನ್ನ ತಗೊಂಡಿದೀನಿ ಮೇಸ್ತ್ರಿ. ಒಂದು ಬಕೆಟ್ ನೀರು ಕೊಡು. ಬಿಸಿ ಇದ್ರೆ ಒಳ್ಳೇದು." ತಮ್ಮನಿಗೆ, "ಹೊತ್ಕೊಂಡು ಬಾ," ಎಂದಳು.

ಷೆಡ್ಡಿನಲ್ಲಿ ಕಾಂಪೌಂಡರ್ ಎದ್ದು ನಿಂತು ಏನೋ ಹೇಳಹೊರಟವನು, ಅವಳ ಕೈಯ ಇಕ್ಕಳ ಕಂಡು ಹೊರಗೆ ಹೋಗಿ ಬಾಗಿಲ ಬಳಿ ಕುಳಿತ. ಕಾಲು ಬಿದ್ದುಹೋಗುತ್ತದೆಂದಿದ್ದ ಅಕ್ಕನ ಕಾಲು ಬೀಳಲಿಲ್ಲ. ಮಗನನ್ನು ಮಗ್ಗುಲಿಗೆ ತಿರುಗಿಸಿ, "ಇಲ್ಲಿ ಹಿಡ್ಕೋ," ಎಂದಳು. ಕವಿ ಮಣಿಕಟ್ಟು ಹಿಡಿದ. ಅವಳು ತಂತಿಯನ್ನು ಕತ್ತರಿಸಲಿಲ್ಲ, ಗಂಟು ಹಾಕಿದ ದಾರವನ್ನು ಬಿಡಿಸುವಂತೆ ಒಂದೊಂದೇ ಸುತ್ತು ಬಿಚ್ಚಿದಳು. ಕೈಗಳು ಮುಂದೆ ಬರಲು ಒಪ್ಪಲಿಲ್ಲ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಭುಜಕ್ಕೆ ಒತ್ತಿ ಒತ್ತಿ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ತಂದಳು. ಆಮೇಲೆ ತೋರುಬೆರಳು ಬಗ್ಗಿಸಿ ಬಾಯೊಳಗಿನ ಮಣ್ಣು ತೆಗೆಯತೊಡಗಿದಳು. ಮೊದಲು ಒಣಮಣ್ಣು, ಆಮೇಲೆ ಹಸಿಮಣ್ಣು.

"ಚಿಕ್ಕೋನಿದ್ದಾಗಲೂ ಹೀಗೇ," ಎಂದಳು. "ಗೋಡೆ ಕೆರೆದು ತಿಂತಿದ್ದ. ಬೆರಳು ಹಾಕಿದ್ರೆ ಕಚ್ಚೋನು."

ಕವಿ ಬಕೆಟ್ಟಿನ ನೀರು ಚೆಲ್ಲಿ ಬಂದ, ಮತ್ತೆ ತಂದ, ಮತ್ತೆ ಚೆಲ್ಲಿ ಬಂದ. ಅಷ್ಟು ಕೆಲಸವಿದ್ದುದು ಅವನಿಗೆ ಒಳ್ಳೆಯದಾಯಿತು.

ಅವರು ಹೊರಗೆ ಬರುವ ಹೊತ್ತಿಗೆ ಸುದ್ದಿ ಹಬ್ಬಿತ್ತು. ಗೇಟಿನ ಬಳಿ ಕೆಲವು ಹೆಂಗಸರು ನಿಂತಿದ್ದರು. ಎಲ್ಲರ ಮುಂದೆ ಗಡಿಯಾರ ರಿಪೇರಿಯವನ ಹೆಂಡತಿ.

"ನೀನು ಒಳಗೆ ಹೋಗಿ ನೋಡಿದ್ಯಂತೆ? ಇವರು ಬರೀತಾರಲ್ಲ, ಮತ್ತೆ ಯಾಕೆ ಹೋದೆ?" ಅವಳು ಅಕ್ಕನ ದಾರಿಗೆ ಅಡ್ಡ ನಿಂತಳು. "ಏನಾದ್ರೂ ಬೇರೆ ಥರ ಇತ್ತಾ?"

"ಅಂಗಿ ಗುಂಡಿ ಕಿತ್ತಿತ್ತು," ಎಂದಳು ಅಕ್ಕ. "ಹಾಕಿ ಬಂದೆ."

"ಮುಖ?"

"ನಗ್ತಾ ಇದ್ದ."

ಆ ಹೆಂಗಸು ಉಸಿರು ಬಿಟ್ಟಳು. "ಹಾಗಾದ್ರೆ ನಮ್ಮವನೂ..."

"ಮತ್ತೆ? ಇವನು ನೋಡದೆ ಒಂದಕ್ಷರ ಬರೆಯೋನಲ್ಲ."

ಹೆಂಗಸು ಕವಿಯ ಕಡೆ ತಿರುಗಿ ಅವನ ತೋಳು ಹಿಡಿದಳು. "ನೀವೇ ಹೇಳಿ ಅಣ್ಣ, ನಮ್ಮವನು ಹೇಗೆ ನಕ್ಕಿದ್ದ? ಬಾಯಿ ಮುಚ್ಕೊಂಡಾ, ಹಲ್ಲು ಕಾಣೋ ಹಾಗಾ? ಮೇಲಿನದೊಂದು ಹಲ್ಲು ಸೊಟ್ಟ ಇತ್ತು ಅವನಿಗೆ, ನೋಡಿದ್ರಾ?"

ಒಂದು ಮಾತು ಸಾಕಾಗಿತ್ತು. ‘ನೋಡಿದೆ’ ಎಂಬ ಒಂದೇ ಮಾತು. ತಗಡಿನಲ್ಲಾದರೆ ಕಣ್ಣು ಮುಚ್ಚಿ ಮೂಡಿಸುತ್ತಿದ್ದ. ಅವಳ ಕಣ್ಣು ಅವನ ಬಾಯನ್ನೇ ನೋಡುತ್ತಿತ್ತು. ಅವನು ಕೈಯಲ್ಲಿದ್ದ ಖಾಲಿ ಬಕೆಟ್ಟಿನೊಳಗೆ ನೋಡಿದ.

"ಬಿಡು, ಅವನಿಗೆ ಇವತ್ತು ಮಾತು ಬರಲ್ಲ," ಎಂದು ಅಕ್ಕ ನಡುವೆ ಬಂದಳು. ಹೆಂಗಸು ತೋಳು ಬಿಟ್ಟಳು. ಆದರೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಅವನ ಮುಖವನ್ನು ನೋಡಿದಳು.

ಮೇಸ್ತ್ರಿ ಮುಚ್ಚಳದ ಮೇಲೆ ಗೊರಡು ಆಡಿಸಿ ನಾಲ್ಕೂ ಸಾಲನ್ನು ಹೆರೆದು ತೆಗೆದ. ಕಪ್ಪು ಅಂಚಿನ ಹೊಟ್ಟು ಸುರುಳಿ ಸುರುಳಿಯಾಗಿ ಬಿತ್ತು. ಅದೇ ಸಂಜೆ ಬರಿ ಹೆಸರಿನ ಮುಚ್ಚಳದೊಂದಿಗೆ ಗಡಿಬಿಡಿ ಮಣ್ಣಿಗೆ ಹೋದ. ಪದ್ಯವೇಕಿಲ್ಲವೆಂದು ಕೇಳಿದವರಿಗೆ, "ಸೋದರಮಾವನಿಗೆ ಕೈ ಬರಲಿಲ್ಲ, ಪಾಪ," ಎಂದು ಮೇಸ್ತ್ರಿ ಹೇಳಿದ. ಎಲ್ಲರೂ ತಲೆದೂಗಿದರು.

ಬೆಳಗ್ಗೆ ಅಕ್ಕ ಚಹಾ ಸೋಸಿ ತಮ್ಮನ ಮುಂದಿಟ್ಟಳು. ತಾನು ನಿಂತೇ ಕುಡಿದಳು.

"ಅವಳು ಇವತ್ತೂ ಬರ್ತಾಳೆ," ಎಂದಳು. "ಅವಳಾದ ಮೇಲೆ ಇನ್ನೊಬ್ಬಳು. ಬಿಡೋರಲ್ಲ."

"ಗೊತ್ತು."

"ನಿನಗೆ ಸುಳ್ಳು ಬರೆಯೋಕೆ ಬರುತ್ತೆ ಕಣೋ, ಹೇಳೋಕೆ ಬರಲ್ಲ. ನಿನ್ನೆ ನಿನ್ನ ಮುಖ ನೋಡಿದ್ರೆ ಎಳೇ ಕೂಸಿಗೂ ಗೊತ್ತಾಗ್ತಿತ್ತು. ನನಗೆ ಹೇಳೋಕೆ ಬರುತ್ತೆ. ಎಷ್ಟು ಜನ ಬಂದ್ರೂ ಹೇಳ್ತೀನಿ. ಆದ್ರೆ ನೀನು ಪಕ್ಕದಲ್ಲಿದ್ರೆ ಆಗಲ್ಲ."

"ನೀನೊಬ್ಬಳೇ ಇರ್ತೀಯಾ?"

"ಇಸ್ತ್ರಿ ಇದೆಯಲ್ಲ." ಲೋಟ ತೊಳೆದು ಬೋರಲು ಹಾಕಿದಳು. "ನೀನು ಮೊದಲೇ ಹೇಳಬಹುದಿತ್ತು ನನಗೆ, ಯಾರನ್ನೂ ನೋಡಿಲ್ಲ ಅಂತ."

ಅವಳು ಉತ್ತರಕ್ಕೆ ಕಾಯಲಿಲ್ಲ. ಏಪ್ರನ್ ಕಟ್ಟಿಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಎಂದಿನ ಹೊತ್ತಿಗೆ ಕೆಲಸಕ್ಕೆ ಹೋದಳು.

ಕವಿ ಹೊರಕೋಣೆಗೆ ಬಂದು ಚೀಲವನ್ನು ಮಂಚದ ಕೆಳಗಿನಿಂದ ಎಳೆದ. ಎರಡು ಅಂಗಿ, ಒಂದು ಹೊದಿಕೆ, ಕ್ಷೌರದ ಸಾಮಾನು, ಮುಖಪುಟ ಹರಿದ ಒಂದೆರಡು ಕಾದಂಬರಿ. ಕುಂಚಗಳನ್ನು ಒಳಗಿಟ್ಟ, ಹೊರತೆಗೆದ, ಮತ್ತೆ ಒಳಗಿಟ್ಟ. ಎಲ್ಲೋ ಒಂದೂರಲ್ಲಿ ಯಾರಿಗೋ ಅಂಗಡಿಯ ಬೋರ್ಡು ಬೇಕಾಗಬಹುದು. ಚೀಲದ ದಾರ ಬಿಗಿದ. ತನ್ನ ಕೈ ಬಿಗಿದ ಗಂಟನ್ನು ಒಮ್ಮೆ ನೋಡಿದ; ಸಡಿಲಿಸಿ, ಸುಲಭವಾಗಿ ಬಿಚ್ಚುವ ಹಾಗೆ ಕಟ್ಟಿದ. ಕದ ಎಳೆದು ಚಿಲಕ ಹಾಕಿ, ನಲ್ಲಿಯ ಕಡೆಯ ದಾರಿ ಬಿಟ್ಟು, ಹಿಂದಿನ ಓಣಿಯಿಂದ ಬಸ್ಸಿನ ರಸ್ತೆಗೆ ನಡೆದ.